ಸಣ್ಣ ಘಟಕಗಳಿಗೆ ಮಾಲಿನ್ಯ ಮಂಡಳಿಯ ಸಮ್ಮತಿ: ಯಾವ ಕೆಲಸ ಮೊದಲು, ಯಾವುದು ಆಮೇಲೆ

ದಾವಣಗೆರೆಯ ಮಂಡಕ್ಕಿ ಭಟ್ಟಿ, ಹರಿಹರದ ವಾಹನ ತೊಳೆಯುವ ಸರ್ವೀಸ್ ಸ್ಟೇಷನ್, ಚಳ್ಳಕೆರೆಯ ಶೇಂಗಾ ಎಣ್ಣೆ ಗಿರಣಿ, ಮೊಳಕಾಲ್ಮೂರಿನಲ್ಲಿ ರೇಷ್ಮೆ ನೂಲಿಗೆ ಬಣ್ಣ ಹಾಕುವ ಮನೆ ಇವೆಲ್ಲ ಬೇರೆ ಬೇರೆ ಕಸುಬುಗಳು. ಆದರೂ ಇವರ ಅರ್ಜಿಗಳು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಹಿಂದಕ್ಕೆ ಬರುವ ಕಾರಣಗಳು ಹೆಚ್ಚುಕಡಿಮೆ ಒಂದೇ. ಯಂತ್ರ ಕೂರಿಸಿ, ಕರೆಂಟು ತೆಗೆದುಕೊಂಡು, ಮಾಲು ಮಾರುಕಟ್ಟೆಗೆ ಹೋಗತೊಡಗಿದ ಮೇಲೆ ಅರ್ಜಿಯ ನೆನಪಾಗುತ್ತದೆ. ಅಥವಾ ಅರ್ಜಿಯಲ್ಲಿ ಬರೆದ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಚಿಮಣಿಯಿಂದ ನಿಜವಾಗಿ ಹೆಚ್ಚು ಹೊಗೆ ಬಂತೆಂದು ತಿರಸ್ಕೃತವಾದ ಅರ್ಜಿಗಳಿಗಿಂತ ಈ ಎರಡು ಕಾರಣಕ್ಕೆ ನಿಂತುಹೋದ ಕಡತಗಳೇ ಹೆಚ್ಚು ಕಾಣುತ್ತವೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕೆಲಸದ ಕ್ರಮಕ್ಕೂ ಲೆಕ್ಕಕ್ಕೂ ಹೆಚ್ಚು ಜಾಗ ಕೊಡಲಾಗಿದೆ.

ಎರಡು ಪದಗಳನ್ನು ಮೊದಲು ಗುರುತಿಸಿಕೊಳ್ಳಬೇಕು. ಘಟಕ ಕಟ್ಟುವ ಮುಂಚೆ ಪಡೆಯಬೇಕಾದದ್ದು ಸ್ಥಾಪನಾ ಸಮ್ಮತಿ. ಕಚೇರಿಯಲ್ಲಿ ಎಲ್ಲರೂ ಇದನ್ನು ಸಿಎಫ್‌ಇ ಎನ್ನುತ್ತಾರೆ. ಕಟ್ಟಿದ ಮೇಲೆ, ಉತ್ಪಾದನೆ ಶುರು ಮಾಡುವ ಮುಂಚೆ ಪಡೆಯಬೇಕಾದದ್ದು ಕಾರ್ಯಾಚರಣೆ ಸಮ್ಮತಿ, ಅಂದರೆ ಸಿಎಫ್‌ಒ. ಎರಡಕ್ಕೂ ಆಧಾರ 1974ರ ಜಲ ಕಾಯ್ದೆ ಮತ್ತು 1981ರ ವಾಯು ಕಾಯ್ದೆ. ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್, ಉದ್ಯಮ್ ನೋಂದಣಿ, ಜಿಎಸ್‌ಟಿ ನಂಬರು ಇವುಗಳಲ್ಲಿ ಯಾವುದೂ ಈ ಸಮ್ಮತಿಯ ಬದಲಿಗೆ ಬರುವುದಿಲ್ಲ. "ಲೈಸೆನ್ಸ್ ಇದೆಯಲ್ಲ" ಎಂಬ ಉತ್ತರ ತಪಾಸಣೆಯ ದಿನ ಕೆಲಸಕ್ಕೆ ಬಾರದು.

ಹಂತ 1: ಅರ್ಜಿಗೆ ಮುಂಚೆ ಲೆಕ್ಕದ ಹಾಳೆ

ಬೇಕಾಗುವ ಸಾಮಗ್ರಿ: ಒಂದು ಹಾಳೆ, ತೂಕದ ಯಂತ್ರ, ನೀರಿನ ಮೀಟರು. ಮೀಟರು ಇಲ್ಲದಿದ್ದರೆ ಅಳತೆ ಗೊತ್ತಿರುವ ಡ್ರಮ್ಮು ಮತ್ತು ಗಡಿಯಾರ ಸಾಕು.

ಈ ಹಾಳೆಯಲ್ಲಿ ದಿನಕ್ಕೆ ಒಳಗೆ ಬರುವ ಕಚ್ಚಾಮಾಲು, ಹೊರಗೆ ಹೋಗುವ ಮಾಲು, ಉರಿಸುವ ಇಂಧನ, ಎತ್ತುವ ನೀರು, ಹೊರಬರುವ ತ್ಯಾಜ್ಯ ನೀರು, ಬೂದಿ ಮತ್ತು ಇತರ ಘನತ್ಯಾಜ್ಯ, ಯಂತ್ರಗಳ ಒಟ್ಟು ಅಶ್ವಶಕ್ತಿ, ಭೂಮಿ-ಕಟ್ಟಡ-ಯಂತ್ರಗಳ ಮೇಲಿನ ಬಂಡವಾಳ ಇವಿಷ್ಟನ್ನು ಬರೆಯಬೇಕು. ಮುಂದೆ ತುಂಬುವ ಪ್ರತಿಯೊಂದು ನಮೂನೆಗೂ ಅಂಕಿ ಈ ಹಾಳೆಯಿಂದಲೇ ಹೋಗಬೇಕು. ಬ್ಯಾಂಕಿನ ಸಾಲದ ವರದಿಗೆ ಒಂದು ಸಾಮರ್ಥ್ಯ, ಮಂಡಳಿಗೆ ಇನ್ನೊಂದು, ವಿದ್ಯುತ್ ಸಂಪರ್ಕಕ್ಕಾಗಿ ಬೆಸ್ಕಾಂಗೆ ಮತ್ತೊಂದು ಎಂದಾಗಬಾರದು.

ಮಂಡಳಿಯ ಪರಿಸರ ಅಧಿಕಾರಿ ಅಂಕಿಗಳನ್ನು ಓದುವ ರೀತಿಯನ್ನು ತಿಳಿದುಕೊಳ್ಳಲು ಒಂದು ಉದಾಹರಣೆ ನೋಡೋಣ. ಭತ್ತ ನೆನೆಸಿ, ಹಬೆಯಲ್ಲಿ ಬೇಯಿಸಿ ಅಕ್ಕಿ ಮಾಡುವ ಗಿರಣಿ ದಿನಕ್ಕೆ 5 ಟನ್ ಭತ್ತ ಹಾಕುತ್ತದೆ ಎಂದುಕೊಳ್ಳಿ. ಭತ್ತದ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಹೊಟ್ಟು. ಅಲ್ಲಿಗೆ ದಿನಕ್ಕೆ 1 ಟನ್ ಹೊಟ್ಟು ಬರಬೇಕು. ಹೊಟ್ಟನ್ನೆಲ್ಲ ಒಲೆಗೇ ಹಾಕಿದರೆ ಅದರಲ್ಲಿ ಸುಮಾರು ಐದನೇ ಒಂದು ಭಾಗ ಬೂದಿಯಾಗಿ ಉಳಿಯುತ್ತದೆ, ಅಂದರೆ ದಿನಕ್ಕೆ 200 ಕೆ.ಜಿ., ತಿಂಗಳಲ್ಲಿ 26 ದಿನ ಕೆಲಸವೆಂದರೆ 5 ಟನ್ನಿಗೂ ಮಿಕ್ಕಿ. ನೆನೆಸಲು ಪ್ರತಿ ಕೆ.ಜಿ. ಭತ್ತಕ್ಕೆ ಒಂದು ಲೀಟರಿಗೆ ಸ್ವಲ್ಪ ಹೆಚ್ಚು ನೀರು ಬೇಕು. ಆ ಲೆಕ್ಕದಲ್ಲಿ 5,000 ದಿಂದ 6,000 ಲೀಟರ್ ನೀರು ತೊಟ್ಟಿಗೆ ಹೋಗುತ್ತದೆ, ಅದರಲ್ಲಿ ಭತ್ತ ಹೀರಿಕೊಂಡದ್ದನ್ನು ಬಿಟ್ಟು ಉಳಿದದ್ದು ಹೊರಗೆ ಬರಲೇಬೇಕು. ಹೀಗಿರುವಾಗ ಅರ್ಜಿಯಲ್ಲಿ "ಬೂದಿ: 20 ಕೆ.ಜಿ., ತ್ಯಾಜ್ಯ ನೀರು: ಇಲ್ಲ" ಎಂದು ಬರೆದಿದ್ದರೆ, ಅಧಿಕಾರಿ ಗಿರಣಿಗೆ ಬರುವ ಅಗತ್ಯವೇ ಇಲ್ಲ, ಕುರ್ಚಿಯಲ್ಲಿ ಕುಳಿತೇ ಆ ಬರಹ ಸುಳ್ಳೆಂದು ಹೇಳಬಲ್ಲರು. ಕಡಿಮೆ ಬರೆದರೆ ಒಳ್ಳೆಯದೆಂಬ ಭಾವನೆ ಈ ಭಾಗದ ಘಟಕಗಳಲ್ಲಿ ಬಲವಾಗಿ ಬೇರೂರಿದೆ. ಅದರಿಂದ ಲಾಭವಾದವರನ್ನು ಕಾಣುವುದು ಅಪರೂಪ.

ನೀರಿನ ಲೆಕ್ಕವನ್ನು ಪ್ರತ್ಯೇಕವಾಗಿ ಎರಡು ಕಾಲಂ ಮಾಡಿ ಬರೆಯಿರಿ. ಎಡಕ್ಕೆ ಕೊಳವೆಬಾವಿ, ನಲ್ಲಿ, ಟ್ಯಾಂಕರುಗಳಿಂದ ಬಂದ ನೀರು. ಬಲಕ್ಕೆ ಆವಿಯಾದದ್ದು, ಮಾಲಿನೊಳಗೆ ಸೇರಿದ್ದು, ಕೆಲಸದವರ ಶೌಚಾಲಯಕ್ಕೆ ಹೋದದ್ದು, ಕಸುಬಿನಿಂದ ಕೊಳೆಯಾಗಿ ಬಂದದ್ದು. ಎರಡೂ ಕಡೆಯ ಮೊತ್ತ ಸಮವಾಗಬೇಕು. ಶೌಚಾಲಯದ ನೀರನ್ನೂ ಕಸುಬಿನ ನೀರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ ಬರೆಯುವುದು ಸಾಮಾನ್ಯ ತಪ್ಪು. ಎರಡಕ್ಕೂ ಷರತ್ತುಗಳು ಬೇರೆ.

ಇನ್ನೊಂದು ತಪ್ಪು ಸರಾಸರಿ ಬರೆಯುವುದು. ಚಳ್ಳಕೆರೆಯ ಎಣ್ಣೆ ಗಿರಣಿ ಶೇಂಗಾ ಸುಗ್ಗಿಯಲ್ಲಿ ಹಗಲುರಾತ್ರಿ ತಿರುಗಿ, ಬೇಸಿಗೆಯಲ್ಲಿ ವಾರಕ್ಕೆರಡು ದಿನ ಮಾತ್ರ ನಡೆಯಬಹುದು. ಸಮ್ಮತಿ ಪತ್ರದಲ್ಲಿ ಬರುವ ಸಾಮರ್ಥ್ಯವು ನೀವು ದಾಟಬಾರದ ಗರಿಷ್ಠ ಮಿತಿ. ಆದ್ದರಿಂದ ಸುಗ್ಗಿಯ ದಿನದ ಅಂಕಿಯನ್ನೇ ಕೊಡಬೇಕು.

ಹಂತ 2: ನಿಮ್ಮ ಘಟಕದ ಬಣ್ಣ ಯಾವುದು

ಮಾಲಿನ್ಯದ ತೀವ್ರತೆಯ ಮೇಲೆ ಉದ್ದಿಮೆಗಳನ್ನು ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದ್ದಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2016ರಲ್ಲಿ ಮಾಲಿನ್ಯ ಸೂಚ್ಯಂಕದ ಮೇಲೆ ಮಾಡಿದ ಪಟ್ಟಿಯನ್ನು 2025ರಲ್ಲಿ ಪರಿಷ್ಕರಿಸಿ, ನೀಲಿ ಎಂಬ ಹೊಸ ವರ್ಗವನ್ನೂ ಸೇರಿಸಿದೆ. ಹಳೆಯ ಪಟ್ಟಿಯ ಜೆರಾಕ್ಸ್ ಇಟ್ಟುಕೊಂಡು ಸಲಹೆ ಕೊಡುವವರು ಇನ್ನೂ ಇದ್ದಾರೆ. ರಾಜ್ಯ ಮಂಡಳಿಯಲ್ಲಿ ಈಗ ಜಾರಿಯಲ್ಲಿರುವ ಪಟ್ಟಿಯನ್ನು ನೀವೇ ಒಮ್ಮೆ ತೆರೆದು ನೋಡಬೇಕು.

ಘಟಕ ಚಿಕ್ಕದಾದ ಮಾತ್ರಕ್ಕೆ ಬಣ್ಣ ತಿಳಿಯಾಗುವುದಿಲ್ಲ. ಬರೀ ಮಗ್ಗ ನಡೆಸುವವರಿಗೂ ನೂಲಿಗೆ ಬಣ್ಣ ಹಾಕುವವರಿಗೂ ಇಲ್ಲಿ ಅಜಗಜಾಂತರ: ತ್ಯಾಜ್ಯ ನೀರು ಬರುವ ಬಣ್ಣಗಾರಿಕೆ 2016ರ ಪಟ್ಟಿಯಲ್ಲಿ ಕೆಂಪು ವರ್ಗಕ್ಕೆ ಸೇರಿತ್ತು, ಅದು ಮನೆಯ ಹಿತ್ತಿಲಿನಲ್ಲಿ ನಾಲ್ಕು ಹಂಡೆ ಇಟ್ಟು ಮಾಡಿದರೂ ಅಷ್ಟೇ. ವಾಹನ ಸರ್ವೀಸು, ರಿಪೇರಿ, ಪೇಂಟಿಂಗ್ ಅದೇ ಪಟ್ಟಿಯಲ್ಲಿ ಕಿತ್ತಳೆಯಾಗಿತ್ತು. ಬಿಳಿ ವರ್ಗದವರಿಗೆ ಸಮ್ಮತಿಯ ಅಗತ್ಯವಿಲ್ಲ, ಆದರೆ ತಾವು ಬಿಳಿ ವರ್ಗದವರೆಂದು ಮಂಡಳಿಗೆ ತಿಳಿಸಿ, ಅದರ ಸ್ವೀಕೃತಿಯನ್ನು ಇಟ್ಟುಕೊಳ್ಳಬೇಕು.

ಎಚ್ಚರಿಕೆಯ ಚಿಹ್ನೆ: ನಿಮ್ಮ ಕಸುಬನ್ನು "ಟ್ರೇಡಿಂಗ್" ಎಂದೋ "ಪ್ಯಾಕಿಂಗ್" ಎಂದೋ ತೋರಿಸಿದರೆ ಹಗುರ ಬಣ್ಣಕ್ಕೆ ಬರುತ್ತದೆ ಎಂದು ಯಾರಾದರೂ ಹೇಳಿದರೆ, ಆ ಸಲಹೆಗಾರರಿಗೆ ಅಲ್ಲಿಯೇ ಕೈಮುಗಿಯುವುದು ಒಳ್ಳೆಯದು.

ಹಂತ 3: ಜಾಗ

ಜಾಗ ಕೊಂಡ ಅಥವಾ ಬಾಡಿಗೆ ಕರಾರು ಬರೆದ ಮೇಲೆ ಜಾಗದ ಅರ್ಹತೆ ನೋಡುವುದು ತಲೆಕೆಳಗಾದ ಕೆಲಸ. ದಾವಣಗೆರೆ-ಹರಿಹರ ನಗರಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಯಲ್ಲಿದ್ದರೆ, ಆ ಸರ್ವೆ ನಂಬರು ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಕೈಗಾರಿಕೆಗೆ ಗುರುತಾಗಿದೆಯೇ ಎಂದು ಪ್ರಾಧಿಕಾರದಲ್ಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಹೊಲವಾಗಿದ್ದರೆ 1964ರ ಭೂ ಕಂದಾಯ ಕಾಯ್ದೆಯಂತೆ ಪರಿವರ್ತನೆ ಆಗಿದೆಯೇ, ಆ ಆದೇಶ ಯಾವ ಉದ್ದೇಶಕ್ಕೆ ಎಂದು ನೋಡಬೇಕು. ವಾಸಕ್ಕೆ ಪರಿವರ್ತನೆಯಾದ ನಿವೇಶನದಲ್ಲಿ ಭಟ್ಟಿ ಹಾಕಲು ಅದು ನೆರವಾಗುವುದಿಲ್ಲ. ದಾವಣಗೆರೆಯ ಕರೂರಿನಂಥ ಕೈಗಾರಿಕಾ ಪ್ರದೇಶದಲ್ಲಿ ಶೆಡ್ಡು ಸಿಕ್ಕರೆ ಈ ತಲೆನೋವು ಬಹುಪಾಲು ತಪ್ಪುತ್ತದೆ. ಬಾಡಿಗೆ ಸ್ವಲ್ಪ ಹೆಚ್ಚಾದರೂ ಲೆಕ್ಕ ಹಾಕಿ ನೋಡುವುದು ಒಳಿತು.

ಕೆಲವು ಕಸುಬುಗಳಿಗೆ ದೂರದ ನಿಯಮ ಪ್ರತ್ಯೇಕವಾಗಿದೆ. ಇಟ್ಟಿಗೆ ಗೂಡುಗಳಿಗೆ 2022ರ ಫೆಬ್ರವರಿಯ ಕೇಂದ್ರ ಅಧಿಸೂಚನೆ ವಸತಿ ಪ್ರದೇಶದಿಂದ ಕನಿಷ್ಠ 800 ಮೀಟರ್, ಒಂದು ಗೂಡಿನಿಂದ ಇನ್ನೊಂದಕ್ಕೆ ಕನಿಷ್ಠ 1 ಕಿ.ಮೀ. ಎಂದು ಹೇಳಿದೆ. ಕಲ್ಲು ಕ್ರಷರ್‌ಗಳಿಗೆ ರಾಜ್ಯದ 2011ರ ಪ್ರತ್ಯೇಕ ಕಾಯ್ದೆಯೇ ಇದ್ದು, ಮಂಡಳಿಯ ಸಮ್ಮತಿಯ ಜೊತೆಗೆ ಅದರಡಿಯ ಲೈಸೆನ್ಸೂ ಬೇಕು. ಅವರಿಗೆ ಈ ಬರಹ ಅರ್ಧ ಮಾತ್ರ ಸಾಲುತ್ತದೆ.

ನೀರಿನ ಮೂಲವನ್ನೂ ಇದೇ ಹಂತದಲ್ಲಿ ನಿರ್ಧರಿಸಬೇಕು. ಚಿತ್ರದುರ್ಗ ಜಿಲ್ಲೆಯಲ್ಲಿ ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳಿವೆ. ಅಧಿಸೂಚಿತ ಪ್ರದೇಶದಲ್ಲಿ ಕೊಳವೆಬಾವಿ ಕೊರೆಸಲು ರಾಜ್ಯದ 2011ರ ಅಂತರ್ಜಲ ಕಾಯ್ದೆಯಂತೆ ಅನುಮತಿ ಬೇಕು. ಜಿಲ್ಲಾ ಅಂತರ್ಜಲ ಕಚೇರಿಯಲ್ಲಿ ವಿಚಾರಿಸದೆ ರಿಗ್ಗು ಕರೆಸಬೇಡಿ.

ಹಂತ 4: ಸ್ಥಾಪನಾ ಸಮ್ಮತಿಯ ಅರ್ಜಿ

ಅರ್ಜಿ ಸಲ್ಲಿಸುವುದು ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಆನ್‌ಲೈನ್ ಪೋರ್ಟಲ್‌ನಲ್ಲಿ. ಖಾತೆ ತೆರೆಯುವಾಗ ಮಾಲೀಕರ ಸ್ವಂತ ಮೊಬೈಲ್ ನಂಬರು, ಸ್ವಂತ ಇಮೇಲ್ ಕೊಡಬೇಕು. ಸೈಬರ್ ಸೆಂಟರಿನವರ ಅಥವಾ ಏಜೆಂಟರ ಇಮೇಲ್ ಕೊಟ್ಟ ಘಟಕಗಳಿಗೆ ಮಂಡಳಿಯ ಪ್ರಶ್ನೆಗಳೂ ನೋಟಿಸುಗಳೂ ತಲುಪುವುದೇ ಇಲ್ಲ, ಗಡುವು ಮುಗಿದು ಕಡತ ಮುಚ್ಚಿದ ಮೇಲೆ ಸುದ್ದಿ ತಿಳಿಯುತ್ತದೆ. ಪಾಸ್‌ವರ್ಡ್ ನಿಮ್ಮ ಬಳಿ ಇರಲಿ.

ಸಾಮಾನ್ಯವಾಗಿ ಬೇಕಾಗುವ ದಾಖಲೆಗಳೆಂದರೆ ಜಾಗದ ಪತ್ರ ಅಥವಾ ಬಾಡಿಗೆ ಕರಾರು, ಪಾಲುದಾರಿಕೆ ಇದ್ದರೆ ಅದರ ಪತ್ರ, ಘಟಕದ ನಕ್ಷೆ, ತಯಾರಿಕೆಯ ಹಂತಗಳನ್ನು ತೋರಿಸುವ ಚಿತ್ರ, ಒಂದನೇ ಹಂತದ ನೀರಿನ ಲೆಕ್ಕ, ತ್ಯಾಜ್ಯ ನೀರು ಮತ್ತು ಹೊಗೆಗೆ ಏನು ವ್ಯವಸ್ಥೆ ಮಾಡುತ್ತೀರಿ ಎಂಬ ಪ್ರಸ್ತಾವ, ಬಂಡವಾಳದ ಬಗ್ಗೆ ಲೆಕ್ಕಪರಿಶೋಧಕರ ಪ್ರಮಾಣಪತ್ರ. ಶುಲ್ಕ ನಿಗದಿಯಾಗುವುದು ಬಣ್ಣ ಮತ್ತು ಬಂಡವಾಳದ ಮೇಲೆ. ಅದಕ್ಕಾಗಿ ಬಂಡವಾಳವನ್ನು ಇಳಿಸಿ ತೋರಿಸುವ ಆಸೆ ಹುಟ್ಟುತ್ತದೆ. ಆದರೆ ಅದೇ ಯಂತ್ರಕ್ಕೆ ಸಬ್ಸಿಡಿ ಕೇಳಿ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಪೂರ್ತಿ ಬೆಲೆಯ ಬಿಲ್ಲು ಕೊಟ್ಟಿರುತ್ತೀರಿ. ಎರಡೂ ಸರ್ಕಾರಿ ದಾಖಲೆಗಳೇ.

ನಕ್ಷೆಯಲ್ಲಿ ಚಿಮಣಿ, ತ್ಯಾಜ್ಯ ನೀರಿನ ತೊಟ್ಟಿ, ಬೂದಿ ಹಾಕುವ ಜಾಗ, ಜನರೇಟರ್, ಕೊಳವೆಬಾವಿ ಇವು ಎಲ್ಲಿವೆ ಎಂದು ಗುರುತು ಹಾಕಿರಬೇಕು. ಕಟ್ಟಡ ಪರವಾನಗಿಗೆ ಮಾಡಿಸಿದ ನಕ್ಷೆಯನ್ನೇ ಲಗತ್ತಿಸಿದರೆ ಅದರಲ್ಲಿ ಇವಾವುದೂ ಇರುವುದಿಲ್ಲ, ಮತ್ತು ಪ್ರಶ್ನೆ ಬಂದೇ ಬರುತ್ತದೆ.

ಮೂಲ ಕಾಯ್ದೆಗಳು ತೀರ್ಮಾನಕ್ಕೆ ಮಂಡಳಿಗೆ 4 ತಿಂಗಳವರೆಗೆ ಕಾಲ ಕೊಟ್ಟಿವೆ. ಜಲ ಕಾಯ್ದೆಯಲ್ಲಿ ಈ ಅವಧಿಯನ್ನು ಎಣಿಸುವುದು ಎಲ್ಲ ರೀತಿಯಲ್ಲೂ ಪೂರ್ಣವಾದ ಅರ್ಜಿ ಸಲ್ಲಿಕೆಯಾದ ದಿನದಿಂದ. ಒಂದು ಕಾಗದ ಬಿಟ್ಟುಹೋಗಿದ್ದರೂ "ನಾನು ಕೊಟ್ಟು ಆರು ತಿಂಗಳಾಯಿತು" ಎಂಬ ವಾದ ನಿಲ್ಲುವುದಿಲ್ಲ. ಪೋರ್ಟಲ್ ಅನ್ನು ವಾರಕ್ಕೊಮ್ಮೆ ತೆರೆದು, ಪ್ರಶ್ನೆ ಬಂದಿದ್ದರೆ ಒಂದೇ ಉತ್ತರದಲ್ಲಿ ಎಲ್ಲವನ್ನೂ ಮುಗಿಸಬೇಕು.

ಹಂತ 5: ಹೊಗೆಯ ವ್ಯವಸ್ಥೆ

ಸ್ಥಾಪನಾ ಸಮ್ಮತಿ ಕೈಗೆ ಬಂದ ಮೇಲೆ ಅದರ ಷರತ್ತುಗಳನ್ನು ಗಾರೆ ಕೆಲಸದವರಿಗೂ ವೆಲ್ಡಿಂಗ್‌ನವರಿಗೂ ಅರ್ಥವಾಗುವಂತೆ ಹೇಳಿ ಕಟ್ಟಿಸಬೇಕು. ಹೆಚ್ಚು ಹಣ ಪೋಲಾಗುವುದು ಈ ಹಂತದಲ್ಲಿ, ಅದರಲ್ಲೂ ಚಿಮಣಿಯ ವಿಷಯದಲ್ಲಿ.

ಗಂಟೆಗೆ 2 ಟನ್ನಿಗಿಂತ ಕಡಿಮೆ ಹಬೆ ಕೊಡುವ ಸಣ್ಣ ಬಾಯ್ಲರಿಗೆ ಚಿಮಣಿಯ ಎತ್ತರ ಅಕ್ಕಪಕ್ಕದ ಕಟ್ಟಡದ ಎರಡೂವರೆ ಪಟ್ಟು ಅಥವಾ 9 ಮೀಟರ್, ಇವೆರಡರಲ್ಲಿ ಯಾವುದು ಹೆಚ್ಚೋ ಅದು. ಪಕ್ಕದ ಮನೆ 4 ಮೀಟರ್ ಇದ್ದರೆ 10 ಮೀಟರ್ ಚಿಮಣಿ ಸಾಕು. ಅವರೇ ಮೇಲೊಂದು ಮಹಡಿ ಎಬ್ಬಿಸಿ 7 ಮೀಟರ್ ಮಾಡಿದರೆ ಲೆಕ್ಕ 17.5 ಮೀಟರಿಗೆ ಹೋಗುತ್ತದೆ. ಆದ್ದರಿಂದ ಬುನಾದಿ ಹಾಕುವಾಗಲೇ ಮುಂದೆ ಎತ್ತರಿಸಲು ಸಾಧ್ಯವಾಗುವಂತೆ ಗಟ್ಟಿ ಹಾಕಿಸುವುದು ಜಾಣತನ. ಜನರೇಟರಿಗೆ ಸೂತ್ರ ಬೇರೆ: ಕಟ್ಟಡದ ಎತ್ತರಕ್ಕೆ, ಜನರೇಟರಿನ ಕೆವಿಎ ಸಾಮರ್ಥ್ಯದ ವರ್ಗಮೂಲವನ್ನು 0.2ರಿಂದ ಗುಣಿಸಿ ಬಂದಷ್ಟು ಮೀಟರ್ ಕೂಡಿಸಬೇಕು. 100 ಕೆವಿಎ ಆದರೆ ಕಟ್ಟಡಕ್ಕಿಂತ 2 ಮೀಟರ್ ಮೇಲೆ. ಜೊತೆಗೆ ಶಬ್ದ ತಡೆಯುವ ಪೆಟ್ಟಿಗೆಯೊಳಗೇ ಜನರೇಟರ್ ಇರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಪೆಟ್ಟಿಗೆಯಿಲ್ಲದ್ದನ್ನು ಅಗ್ಗಕ್ಕೆ ತಂದು, ಆಮೇಲೆ ತಗಡಿನ ಗೂಡು ಕಟ್ಟಿಸಿ ಎರಡು ಸಲ ಖರ್ಚು ಮಾಡುತ್ತಾರೆ.

ಚಿಮಣಿ ಎತ್ತರವಾಗಿದ್ದರಷ್ಟೇ ಸಾಲದು, ಅದರೊಳಗಿನ ಹೊಗೆಯನ್ನು ಅಳೆಯಲು ರಂಧ್ರ ಬೇಕು. ಕೊನೆಯ ಬಾಗು ಅಥವಾ ಜೋಡಣೆಯಿಂದ ಮೇಲಕ್ಕೆ ಚಿಮಣಿಯ ವ್ಯಾಸದ 8 ಪಟ್ಟು, ತುದಿಯಿಂದ ಕೆಳಕ್ಕೆ 2 ಪಟ್ಟು ಬಿಟ್ಟು ಈ ರಂಧ್ರ ಇರಬೇಕೆಂಬುದು ಮಾದರಿ ತೆಗೆಯುವ ಪದ್ಧತಿ. ವ್ಯಾಸ 30 ಸೆಂ.ಮೀ. ಆದರೆ ಬಾಗಿನಿಂದ 2.4 ಮೀಟರ್ ಮೇಲೆ. ಅಲ್ಲಿಗೆ ಹತ್ತಲು ಏಣಿ, ಇಬ್ಬರು ನಿಲ್ಲುವಷ್ಟು ಅಟ್ಟಣಿಗೆ, ಸುತ್ತ ಕಂಬಿ ಬೇಕು. ಇದನ್ನು ಮರೆತು ಚಿಮಣಿ ನಿಲ್ಲಿಸಿದವರು ಪ್ರಯೋಗಾಲಯದವರು ಬಂದ ದಿನ ಕ್ರೇನು ಹುಡುಕುತ್ತಾರೆ. ಭಟ್ಟಿ ಆರಿಸಿ, ಚಿಮಣಿ ತಣಿಸಿ, ಎತ್ತರದಲ್ಲಿ ಗ್ಯಾಸ್ ಕಟರ್ ಹಿಡಿದು ತೂತು ಕೊರೆಯುವ ಖರ್ಚು, ನೆಲದ ಮೇಲಿದ್ದಾಗ ಮಾಡಿಸಿದ್ದರೆ ಆಗುತ್ತಿದ್ದ ಖರ್ಚಿನ ಎಷ್ಟೋ ಪಟ್ಟು.

ಮಂಡಕ್ಕಿ ಭಟ್ಟಿಯವರಿಗೆ ಒಂದು ಮಾತು. ಉಪ್ಪುನೀರು ಬೆರೆಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹಾಕಿದ ಕ್ಷಣಕ್ಕೆ ಅರಳಬೇಕಾದರೆ ಉರಿ ಜೋರಾಗಿರಬೇಕು, ನಡುವೆ ಕುಂದಬಾರದು. ಹಿಂದೆ ಹಳೇ ಟೈರು ಒಲೆಗೆ ಹೋಗುತ್ತಿದ್ದದ್ದು ಈ ಕಾರಣಕ್ಕೇ. ಟೈರಿನ ಹೊಗೆಯಲ್ಲಿ ಮಸಿಯ ಜೊತೆಗೆ ಗಂಧಕದ ಡೈಆಕ್ಸೈಡ್ ಮತ್ತು ಇತರ ವಿಷಾನಿಲಗಳಿರುತ್ತವೆ. ಹೊಗೆಯನ್ನು ಸುತ್ತಿಸಿ ಬೂದಿ ಬೇರ್ಪಡಿಸುವ ಸೈಕ್ಲೋನು ಎಂಬ ಸಾಧನ ಯಾವುದನ್ನು ಹಾಕಿದರೂ ಅನಿಲ ಅದರಲ್ಲಿ ನಿಲ್ಲದು, ಏಕೆಂದರೆ ಸೈಕ್ಲೋನು ಹಿಡಿಯುವುದು ಕಣಗಳನ್ನು ಮಾತ್ರ. ಸಮ್ಮತಿಯಲ್ಲಿ ಹೊಟ್ಟು ಎಂದು ಬರೆದಿದ್ದರೆ ಹೊಟ್ಟನ್ನೇ ಉರಿಸಬೇಕು. ಒಂದು ದಿನ ಹೊಟ್ಟು ಸಿಗಲಿಲ್ಲವೆಂದು ರೆಕ್ಸಿನ್ ಚೂರು, ಪ್ಲಾಸ್ಟಿಕ್, ಚಪ್ಪಲಿ ಕಾರ್ಖಾನೆಯ ಕತ್ತರಿಕೆ ಹಾಕಿದರೆ ಅದು ಷರತ್ತಿನ ನೇರ ಉಲ್ಲಂಘನೆ. ಬೂದಿಯ ಗುಡ್ಡೆಯಲ್ಲಿ ಟೈರಿನ ಉಕ್ಕಿನ ತಂತಿ ಸಿಕ್ಕರೆ ಬೇರೆ ಸಾಕ್ಷಿಯೇ ಬೇಡ. ಹೊಟ್ಟು ಸದಾ ಜೋರಾಗಿ ಉರಿಯಬೇಕೆಂದರೆ ಅದು ಒಣಗಿರಬೇಕು ಮತ್ತು ಗಾಳಿ ಸರಿಯಾಗಿ ಬೀಸಬೇಕು: ಹೊಟ್ಟಿಗೆ ಮಳೆ ತಾಗದ ಕೊಟ್ಟಿಗೆಯೂ ಒಂದು ಚಿಕ್ಕ ಬ್ಲೋವರೂ ಹೊಗೆಯ ಅರ್ಧ ಸಮಸ್ಯೆಯನ್ನು ಅಲ್ಲಿಯೇ ತೀರಿಸುತ್ತವೆ.

ಎಚ್ಚರಿಕೆಯ ಚಿಹ್ನೆಗಳು ಕಣ್ಣಿಗೇ ಕಾಣುತ್ತವೆ. ಒಲೆ ಹೊತ್ತಿಸಿದಾಗಿನ ಕಪ್ಪು ಹೊಗೆ ಕೆಲವು ನಿಮಿಷದಲ್ಲಿ ತಿಳಿಯಾಗದಿದ್ದರೆ ಗಾಳಿ ಸಾಲದು ಅಥವಾ ಇಂಧನ ಹಸಿಯಾಗಿದೆ. ಪಕ್ಕದ ಮನೆಯ ಒಣಹಾಕಿದ ಬಟ್ಟೆಯ ಮೇಲೆ ಬೂದಿ ಬಿದ್ದರೆ ಸೈಕ್ಲೋನಿನ ಕೆಳಗಿನ ಡಬ್ಬಿ ತುಂಬಿದೆ ಅಥವಾ ಅದರ ಮುಚ್ಚಳ ಸೋರುತ್ತಿದೆ.

ಹಂತ 6: ತ್ಯಾಜ್ಯ ನೀರಿನ ವ್ಯವಸ್ಥೆ

ಸಂಸ್ಕರಿಸಿದ ನೀರು ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲು ನಿರ್ಧರಿಸಿ, ಆಮೇಲೆ ತೊಟ್ಟಿ ಕಟ್ಟಬೇಕು. ಏಕೆಂದರೆ ಮಿತಿಗಳು ಅದರ ಮೇಲೆ ನಿಂತಿವೆ. ಸಾಮಾನ್ಯ ಮಾನದಂಡದಲ್ಲಿ ಬಿಓಡಿ (ನೀರಿನಲ್ಲಿನ ಕೊಳೆಯನ್ನು ಸೂಕ್ಷ್ಮಜೀವಿಗಳು ಕೊಳೆಸಲು ಬೇಕಾಗುವ ಆಮ್ಲಜನಕ) ಮಿತಿ ಲೀಟರಿಗೆ, ಹಳ್ಳ-ಹೊಳೆಗೆ ಬಿಡುವುದಾದರೆ 30 ಮಿ.ಗ್ರಾಂ., ಗಿಡ-ಹೊಲಕ್ಕೆ ಹಾಯಿಸುವುದಾದರೆ 100, ಒಳಚರಂಡಿಗೆ ಬಿಡುವುದಾದರೆ 350. ಎಣ್ಣೆ-ಜಿಡ್ಡಿಗೆ ಹೊಳೆಗೂ ಹೊಲಕ್ಕೂ 10, ಒಳಚರಂಡಿಗೆ 20. ಆಮ್ಲ-ಕ್ಷಾರದ ಪಿಎಚ್ ಮೌಲ್ಯ ಎಲ್ಲ ಕಡೆಯೂ 5.5ರಿಂದ 9ರ ನಡುವೆ ಇರಬೇಕು. ನಿಮ್ಮ ಸಮ್ಮತಿ ಪತ್ರದಲ್ಲಿ ಇದಕ್ಕಿಂತ ಬಿಗಿಯಾದ ಅಂಕಿ ಇದ್ದರೆ ಅದೇ ಅಂತಿಮ.

ವಾಹನ ತೊಳೆಯುವಲ್ಲಿ ಕೆಸರು ಕೂರಲು ಒಂದು ಗುಂಡಿ, ಎಣ್ಣೆ ಬೇರ್ಪಡಿಸಲು ಅಡ್ಡಗೋಡೆಗಳ ತೊಟ್ಟಿ ಬೇಕು. ಎಣ್ಣೆ ಮೇಲೆ ತೇಲುತ್ತದೆ. ಆದ್ದರಿಂದ ಅಡ್ಡಗೋಡೆಯ ಕಿಂಡಿ ತಳದಲ್ಲಿರಬೇಕು, ಆಗ ನೀರು ಕೆಳಗಿನಿಂದ ಮುಂದಕ್ಕೆ ಹೋಗಿ ಎಣ್ಣೆ ಈಚೆಯೇ ಉಳಿಯುತ್ತದೆ. ಗಾರೆಯವರು ಎಂದಿನ ನೀರಿನ ತೊಟ್ಟಿಯಂತೆ ಕಿಂಡಿಯನ್ನು ಮೇಲಿಟ್ಟು ಕಟ್ಟಿದರೆ ಮೊದಲು ದಾಟುವುದೇ ಎಣ್ಣೆ. ತೊಟ್ಟಿ ಸರಿಯಿದ್ದೂ ಹೊರಬರುವ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡರೆ, ಸೋಪಿನ ಪುಡಿ ಹೆಚ್ಚಾಗಿ ಎಣ್ಣೆ ನೀರಿನಲ್ಲಿ ಕರಗಿದಂತೆ ಬೆರೆತಿದೆ ಎಂದೋ, ತೇಲಿದ ಎಣ್ಣೆಯನ್ನು ಬಹಳ ದಿನದಿಂದ ತೆಗೆದಿಲ್ಲ ಎಂದೋ ತಿಳಿಯಬೇಕು. ಬೆಣ್ಣೆ ದೋಸೆಯ ಹೋಟೆಲುಗಳ ತೊಳೆಯುವ ಮೋರಿಗೂ ಇಂಥದೇ ಜಿಡ್ಡಿನ ತೊಟ್ಟಿ ಬೇಕು; ತಣಿದ ಬೆಣ್ಣೆ ಒಳಚರಂಡಿಯ ಕೊಳವೆಗೆ ಮೆತ್ತಿಕೊಂಡು ಇಡೀ ಬೀದಿಯ ಚರಂಡಿ ಉಕ್ಕಿಸಬಲ್ಲದು.

ಭತ್ತ ನೆನೆಸಿದ ನೀರು ನೋಡಲು ತಿಳಿಹಳದಿ, ಅಪಾಯಕಾರಿಯೆಂದು ಅನಿಸುವುದಿಲ್ಲ. ಆದರೆ ಅದರಲ್ಲಿ ಕರಗಿದ ಪಿಷ್ಟ ಮತ್ತು ಸಕ್ಕರೆ ಒಂದೇ ದಿನದಲ್ಲಿ ಹುಳಿತು ಗಬ್ಬು ನಾರುತ್ತವೆ, ಹಳ್ಳಕ್ಕೆ ಸೇರಿದರೆ ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತವೆ. ಸೆಪ್ಟಿಕ್ ಟ್ಯಾಂಕಿಗೋ ಇಂಗುಗುಂಡಿಗೋ ಇದನ್ನು ಬಿಡುವಂತಿಲ್ಲ. ಜರಡಿ, ನೀರನ್ನು ಸಮಮಾಡುವ ತೊಟ್ಟಿ, ಗಾಳಿಯಿಲ್ಲದೆ ಕೊಳೆಸುವ ಹಂತ, ಗಾಳಿ ಊದುವ ಹಂತ ಈ ಕ್ರಮದಲ್ಲಿ ಸಂಸ್ಕರಣೆ ಬೇಕಾಗುತ್ತದೆ. ಇದರ ವಿನ್ಯಾಸವನ್ನು ತಿಳಿದ ಎಂಜಿನಿಯರರಿಂದಲೇ ಮಾಡಿಸಬೇಕು.

ಬತ್ತಿದ ಹಳೆಯ ಕೊಳವೆಬಾವಿಗೆ ಕೊಳಕು ನೀರು ಇಳಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಚಿತ್ರದುರ್ಗದಂಥ ಗಟ್ಟಿ ಬಂಡೆಯ ನೆಲದಲ್ಲಿ ನೀರು ಹರಿಯುವುದು ಬಂಡೆಯ ಸೀಳುಗಳಲ್ಲಿ. ಅಲ್ಲಿ ಮಣ್ಣಿನಂತೆ ಸೋಸುವ ಪದರವಿಲ್ಲ, ಇಂದು ಇಳಿಸಿದ್ದು ಪಕ್ಕದ ತೋಟದ ಬೋರಿನಲ್ಲಿ ಮೇಲೆ ಬರಬಹುದು. ಇದು ಅಪರಾಧ, ಮಾತ್ರವಲ್ಲ, ಒಮ್ಮೆ ಕೆಟ್ಟ ಅಂತರ್ಜಲವನ್ನು ತಿಳಿಗೊಳಿಸುವ ಅಗ್ಗದ ದಾರಿ ಯಾವುದೂ ಇಲ್ಲ. ಇನ್ನೊಂದು ಹಳೆಯ ಚಾಳಿ, ಪರೀಕ್ಷೆಯ ಹಿಂದಿನ ದಿನ ತೊಟ್ಟಿಗೆ ಒಳ್ಳೆಯ ನೀರು ಬೆರೆಸುವುದು. ನೀರಿನ ಮೀಟರಿನ ಪುಸ್ತಕ ಅದನ್ನು ಹೇಳಿಬಿಡುತ್ತದೆ.

ಮಳೆನೀರಿನ ಚರಂಡಿಯನ್ನು ಕಸುಬಿನ ನೀರಿನ ಚರಂಡಿಯಿಂದ ಬೇರೆ ಮಾಡಲೇಬೇಕು. ಇಲ್ಲವಾದರೆ ಮೊದಲ ಮುಂಗಾರಿಗೇ ತೊಟ್ಟಿ ಉಕ್ಕುತ್ತದೆ.

ಹಂತ 7: ಕಾರ್ಯಾಚರಣೆ ಸಮ್ಮತಿ

ಕಟ್ಟಿದ್ದೆಲ್ಲ ಮುಗಿದ ಮೇಲೆ ಸ್ಥಾಪನಾ ಸಮ್ಮತಿಯ ಪ್ರತಿಯೊಂದು ಷರತ್ತಿನ ಎದುರು ಏನು ಮಾಡಲಾಗಿದೆ ಎಂದು ಬರೆದು, ಫೋಟೋ ಸಹಿತ ಅರ್ಜಿ ಹಾಕಬೇಕು. ಬೇರೆ ಮಾದರಿಯ ಬಾಯ್ಲರ್ ತಂದಿದ್ದರೆ, ಸೌದೆಯ ಬದಲು ಹೊಟ್ಟು ಎಂದು ಮನಸ್ಸು ಬದಲಾಗಿದ್ದರೆ, ಅದನ್ನು ಮುಚ್ಚಿಡದೆ ಇಲ್ಲಿಯೇ ಹೇಳಬೇಕು. ಈ ಪತ್ರ ಬರುವವರೆಗೆ ಉತ್ಪಾದನೆ ಇಲ್ಲ.

ಪತ್ರ ಬಂದ ಕೂಡಲೇ ನೋಡಬೇಕಾದದ್ದು ಅವಧಿ ಮುಗಿಯುವ ದಿನಾಂಕ. ನಾಲ್ಕು ತಿಂಗಳು ಮುಂಚೆಯೇ ನವೀಕರಣದ ಅರ್ಜಿ ಹೋಗುವಂತೆ ಫೋನಿನಲ್ಲಿ ನೆನಪು ಇಟ್ಟುಕೊಳ್ಳಿ. ಸಾಮರ್ಥ್ಯ, ಇಂಧನ, ಉತ್ಪನ್ನ, ಜಾಗ ಇವುಗಳಲ್ಲಿ ಯಾವುದು ಬದಲಾಗುವುದಿದ್ದರೂ ಅವಧಿ ಎಷ್ಟೇ ಉಳಿದಿರಲಿ ಮುಂಚಿತವಾಗಿ ಹೊಸ ಸಮ್ಮತಿ ಬೇಕು.

ಹಂತ 8: ಪುಸ್ತಕ, ವರದಿ, ವಿಲೇವಾರಿ

ದಿನದ ನೀರಿನ ಮೀಟರ್ ಅಂಕಿ, ಇಂಧನ, ಬೂದಿ ಎಷ್ಟು ಮತ್ತು ಯಾರಿಗೆ ಹೋಯಿತು ಎಂಬ ವಿವರ, ಸಂಸ್ಕರಣಾ ಘಟಕದ ಪಂಪು ನಡೆದ ಗಂಟೆ ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದರೆ ಸಾಕು. ಪ್ರತಿದಿನವೂ ಒಂದೇ ಅಂಕಿ, ಒಂದೇ ಪೆನ್ನು, ಒಂದೇ ಕೈಬರಹ ಇರುವ ಪುಸ್ತಕವನ್ನು ಯಾರೂ ನಂಬುವುದಿಲ್ಲ. ಯಂತ್ರ ಕೆಟ್ಟ ದಿನ "ಕೆಟ್ಟಿತ್ತು, ಉತ್ಪಾದನೆ ನಿಲ್ಲಿಸಿದೆವು" ಎಂದು ಬರೆದ ಪುಸ್ತಕಕ್ಕೆ ಬೆಲೆ ಹೆಚ್ಚು.

ಗ್ಯಾರೇಜು, ಲೇತ್, ಜನರೇಟರುಗಳಿಂದ ಬರುವ ಬಳಸಿದ ಆಯಿಲ್ 2016ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯ. ಅದಕ್ಕೆ ಮಂಡಳಿಯ ಪ್ರತ್ಯೇಕ ಅಧಿಕಾರ ಪತ್ರ ಬೇಕು, ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ, ಅನುಮತಿ ಪಡೆದ ಮರುಸಂಸ್ಕರಣೆಯವರಿಗೇ ಕೊಟ್ಟು ರಸೀದಿ ಪಡೆಯಬೇಕು. ಸೆಂಟ್ರಿಂಗ್ ಹಲಗೆಗೆ ಬಳಿಯಲು ಕೊಡುವ ರೂಢಿ ನಮ್ಮ ಕಡೆ ಎಲ್ಲೆಲ್ಲೂ ಇದೆ. ಅದು ನಿಯಮಕ್ಕೆ ವಿರುದ್ಧ. ಡ್ರಮ್ಮನ್ನು ಸಿಮೆಂಟು ನೆಲದ ಮೇಲೆ, ಸೂರಿನ ಕೆಳಗೆ, ಸುತ್ತ ಚಿಕ್ಕ ಕಟ್ಟೆಯೊಳಗೆ ಇಡಬೇಕು.

ವರ್ಷದಲ್ಲಿ ಎರಡು ದಿನಾಂಕಗಳು ಮುಖ್ಯ. ಅಪಾಯಕಾರಿ ತ್ಯಾಜ್ಯದ ವಾರ್ಷಿಕ ವಿವರವನ್ನು ನಮೂನೆ 4ರಲ್ಲಿ ಜೂನ್ 30ರೊಳಗೆ, ಮಾರ್ಚ್‌ಗೆ ಮುಗಿದ ವರ್ಷದ ಪರಿಸರ ಹೇಳಿಕೆಯನ್ನು ನಮೂನೆ 5ರಲ್ಲಿ ಸೆಪ್ಟೆಂಬರ್ 30ರೊಳಗೆ ಸಲ್ಲಿಸಬೇಕು. ಬಾಕಿಯಿರುವ ಈ ವರದಿಗಳು ನವೀಕರಣದ ಹೊತ್ತಿಗೆ ಅಡ್ಡ ಬರುತ್ತವೆ.

ಮಂಡಕ್ಕಿ, ಎಣ್ಣೆ, ಚುರುಮುರಿ ಮಾರುವವರು ಪ್ಲಾಸ್ಟಿಕ್ ಕೈಚೀಲವನ್ನು ಪೂರ್ತಿ ಬಿಡಬೇಕು. ರಾಜ್ಯದಲ್ಲಿ 2016ರ ಮಾರ್ಚ್‌ನಿಂದಲೇ ಅದಕ್ಕೆ ನಿಷೇಧವಿದೆ. ಕೇಂದ್ರದ 120 ಮೈಕ್ರಾನ್ ಮಿತಿಯನ್ನು ತೋರಿಸಿ ಹೋಲ್‌ಸೇಲ್‌ನವರು ಕೊಡುವ ಭರವಸೆ ಇಲ್ಲಿ ನಡೆಯದು.

ಹಂತ 9: ತಪಾಸಣೆಯ ದಿನ

ಅಧಿಕಾರಿ ಬಂದಾಗ ಮಾಲೀಕರಿಲ್ಲದಿದ್ದರೂ ಉತ್ತರಿಸಬಲ್ಲ ಒಬ್ಬರು ಇರಬೇಕು. ಸಮ್ಮತಿ ಪತ್ರದ ಪ್ರತಿ, ಪುಸ್ತಕ, ಹಿಂದಿನ ಪರೀಕ್ಷಾ ವರದಿ ಒಂದೇ ಫೈಲಿನಲ್ಲಿರಬೇಕು. ನೀರಿನ ಮಾದರಿ ತೆಗೆಯುವಾಗ ಜಲ ಕಾಯ್ದೆಯ 21ನೇ ಪ್ರಕರಣ ನಿಮಗೂ ಒಂದು ರಕ್ಷಣೆ ಕೊಟ್ಟಿದೆ: ವಿಶ್ಲೇಷಣೆಗೆ ಕಳಿಸುತ್ತೇವೆಂದು ಅಲ್ಲೇ ನೋಟಿಸು ಕೊಟ್ಟು, ನಿಮ್ಮೆದುರಿಗೇ ಮಾದರಿಯನ್ನು ಎರಡು ಭಾಗ ಮಾಡಿ, ಮೊಹರು ಹಾಕಿ, ಇಬ್ಬರೂ ಸಹಿ ಮಾಡಬೇಕು. ಎರಡನೇ ಭಾಗವನ್ನೂ ಪ್ರಯೋಗಾಲಯಕ್ಕೆ ಕಳಿಸಿ ಎಂದು ನೀವು ಕೇಳಬಹುದು. ಈ ಹಕ್ಕನ್ನು ವಿನಯದಿಂದ ಬಳಸಿಕೊಳ್ಳಿ, ಜಗಳಕ್ಕೆ ಹೋಗಬೇಡಿ. ಮಹಜರಿನಲ್ಲಿ ಒಪ್ಪದ ಅಂಶವಿದ್ದರೆ ಸಹಿಯ ಮೇಲೆ ಒಂದು ಸಾಲಿನಲ್ಲಿ ಬರೆದು ಸಹಿ ಹಾಕಬೇಕು; ಸಹಿಯನ್ನೇ ನಿರಾಕರಿಸಿದರೆ ನಿಮ್ಮ ಮಾತು ದಾಖಲೆಯಲ್ಲಿ ಎಲ್ಲೂ ಉಳಿಯುವುದಿಲ್ಲ.

ಹಂತ 10: ನೋಟಿಸು ಬಂದರೆ

ಷೋಕಾಸ್ ನೋಟಿಸಿಗೆ ಗಡುವಿನೊಳಗೆ, ಅಂಶವಾರು ಉತ್ತರ ಕೊಡಬೇಕು: ಯಾವುದು ಸರಿಪಡಿಸಿದೆ, ಯಾವುದಕ್ಕೆ ಎಷ್ಟು ದಿನ ಬೇಕು, ಯಾವುದನ್ನು ಒಪ್ಪುವುದಿಲ್ಲ ಮತ್ತು ಏಕೆ. ಆರ್ಡರ್ ಮಾಡಿದ ಸಾಮಾನಿನ ಬಿಲ್ಲು ಲಗತ್ತಿಸಿದರೆ ಮಾತಿಗೆ ತೂಕ ಬರುತ್ತದೆ. ಮೌನವಾಗಿದ್ದರೆ ಮುಂದಿನದು ಜಲ ಕಾಯ್ದೆಯ 33ಎ ಅಥವಾ ವಾಯು ಕಾಯ್ದೆಯ 31ಎ ಪ್ರಕರಣದ ಆದೇಶ. ಅದರಲ್ಲಿ ಘಟಕ ಮುಚ್ಚಿಸುವ, ಕರೆಂಟು-ನೀರು ಕಡಿತಗೊಳಿಸುವ ಅಧಿಕಾರವಿದೆ. ವಾಯು ಕಾಯ್ದೆಯಡಿ 2024ರ ಏಪ್ರಿಲ್‌ನಿಂದ ದಂಡ ರೂ. 10,000ರಿಂದ ರೂ. 15 ಲಕ್ಷದವರೆಗೆ ಹೋಗಬಹುದು. ಪರಿಸರಕ್ಕಾದ ಹಾನಿಗೆ ಘಟಕ ಕಟ್ಟಬೇಕಾದ ಪರಿಸರ ಪರಿಹಾರದ ಮೊತ್ತ ಲೆಕ್ಕ ಹಾಕುವ ಕೇಂದ್ರ ಮಂಡಳಿಯ ಸೂತ್ರದಲ್ಲಿ ಉಲ್ಲಂಘನೆ ನಡೆದ ದಿನಗಳ ಸಂಖ್ಯೆಯೇ ಒಂದು ಗುಣಕ. ಹಾಗಾಗಿ ದೋಷ ಸರಿಪಡಿಸಿದ ದಿನಾಂಕವನ್ನು ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯುವುದು ಹಣದ ವಿಷಯವೂ ಹೌದು. ಸಮ್ಮತಿ ನಿರಾಕರಿಸಿದ ಅಥವಾ ಷರತ್ತು ಹೇರಿದ ಆದೇಶದ ವಿರುದ್ಧ, ಅದು ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು.

ಈಗಾಗಲೇ ಸಮ್ಮತಿಯಿಲ್ಲದೆ ನಡೆಯುತ್ತಿದ್ದರೆ

ಹಲವರ ಸ್ಥಿತಿ ಇದೇ. ಇವರಿಗೆ ಕ್ರಮ ಸ್ವಲ್ಪ ಬೇರೆ. ಮೊದಲು ಇವತ್ತೇ ನಿಲ್ಲಿಸಬಹುದಾದದ್ದನ್ನು ನಿಲ್ಲಿಸಬೇಕು: ನಿಷಿದ್ಧ ಇಂಧನ, ತೆರೆದ ಮೋರಿಗೆ ಬಿಡುವ ನೀರು, ಬಯಲಿನ ಬೂದಿ. ಆಮೇಲೆ ಒಂದನೇ ಹಂತದ ಹಾಳೆಯನ್ನು ಈಗ ನಡೆಯುತ್ತಿರುವ ನಿಜವಾದ ಅಳತೆಯಿಂದ ತುಂಬಿ, ಜಾಗದ ಅರ್ಹತೆ ನೋಡಿಕೊಂಡು, ಪ್ರಾದೇಶಿಕ ಕಚೇರಿಗೆ ತಾವಾಗಿಯೇ ಹೋಗಿ ಶುರುವಾದ ದಿನಾಂಕ ಸಹಿತ ಸ್ಥಿತಿ ತಿಳಿಸಿ ಅರ್ಜಿ ಹಾಕಬೇಕು. ಹಳೆಯ ಘಟಕವನ್ನು ಹೊಸದೆಂದು ತೋರಿಸುವುದು ಬೇಡ, ಬೆಸ್ಕಾಂ ಬಿಲ್ಲಿನಲ್ಲಿ ಸಂಪರ್ಕ ಪಡೆದ ವರ್ಷ ಇರುತ್ತದೆ. ಹಿಂದಿನ ಅವಧಿಗೆ ಶುಲ್ಕ ಅಥವಾ ಪರಿಹಾರ ಕಟ್ಟಬೇಕಾಗಬಹುದು, ಅದಕ್ಕೆ ಹಣ ಎತ್ತಿಡಬೇಕು. ಜಾಗವೇ ಅನರ್ಹವೆಂದು ಗೊತ್ತಾದರೆ ಚಿಮಣಿಗೋ ತೊಟ್ಟಿಗೋ ಒಂದು ರೂಪಾಯಿ ಹಾಕುವ ಮುಂಚೆ ಬೇರೆ ಶೆಡ್ಡು ಹುಡುಕಲು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.